‘ಎಂದರೋ’ ಎಂದರೇನು?

ತ್ಯಾಗರಾಜರ ಪಂಚರತ್ನ ಕೀರ್ತನೆಗಳಲ್ಲಿ ಶ್ರೀರಾಗದ ‘ಎಂದರೋ ಮಹಾನುಭಾವುಲು’ ಬಹು ಪ್ರಸಿದ್ಧವಾದುದು. ಕನ್ನಡವೊಂದನ್ನೇ ಬಲ್ಲವರ ಕಿವಿಗೆ ಅದರ ಮೊದಲ ಪದ ‘ಯಾರು ಹಾಗೆಂದರೋ’ ಎಂಬ ಮಾತಿನಂತೆ ಕೇಳಿಸಿದರೆ ಆಶ್ಚರ್ಯವಿಲ್ಲ. ತೆಲುಗಿನಲ್ಲಿ ಅದರ ಅರ್ಥವೇ ಬೇರೆ: ‘ಎಷ್ಟೋ ಮಂದಿ’. ಲೋಕದಲ್ಲಿ ಮಹಾನುಭಾವರು ಎಷ್ಟೋ ಮಂದಿ, ಅವರೆಲ್ಲರಿಗೂ ವಂದನೆ. ಪಾವಗಡದಲ್ಲಿ ತೆಲುಗನ್ನೇ ಮನೆಮಾತಾಗಿ ಉಳ್ಳ ಹುಡುಗನಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಪಾವಗಡ ತಾಲ್ಲೂಕನ್ನು ಆಂಧ್ರದ ನೆಲ ಬಹುಮಟ್ಟಿಗೆ ಸುತ್ತುವರಿದಿದೆ. ಮಧುಗಿರಿ, ಶಿರಾ ಸೀಮೆಗಳಿಗೂ ಆ ಗಡಿ ತಾಗಿದೆ, ಕೊರಟಗೆರೆಯೂ ದೂರವಿಲ್ಲ. ಇಲ್ಲಿ ಶಾಲೆ ಕಛೇರಿಗಳ ಭಾಷೆ ಕನ್ನಡ; ಎಷ್ಟೋ ಮನೆಗಳ ಅಡಿಗೆಮನೆಯ ಭಾಷೆ ತೆಲುಗು. ಸಂಗೀತವೆಂದರೆ ಮೈಸೂರು, ಮದರಾಸುಗಳ ರಸಿಕರ ಸೊತ್ತು, ರಾಗಲಕ್ಷಣ ತಿಳಿಯದ ತಮಗೆ ಅದು ದಕ್ಕದು ಎಂದು ಇಂಥ ಊರುಗಳ ಸಂಸಾರಸ್ಥರು ಹಿಂಜರಿಯುವುದುಂಟು. ಆದರೆ ಪಟ್ಟಣದ ಅನೇಕ ರಸಿಕರ ಬಳಿ ಇಲ್ಲದ ಕೀಲಿಕೈ ಅವರ ಮನೆಯ ಗೂಡಿನಲ್ಲಿಯೇ ಇದೆ.

ತ್ಯಾಗರಾಜರ ಬಾಳೂ ಎರಡು ಭಾಷೆಗಳ ನಡುವಿನದೇ. 1767ರಲ್ಲಿ ಹುಟ್ಟಿ 1847ರಲ್ಲಿ ತೀರಿಕೊಂಡ ಅವರು ನೆಲೆಸಿದ್ದುದು ಕಾವೇರಿ ದಡದ ತಿರುವೈಯಾರಿನಲ್ಲಿ. ಹೊರಗೆ ತಮಿಳು, ಮನೆಯೊಳಗೆ ತೆಲುಗು. ರಾಮನನ್ನು ಬೇಡುವಾಗ, ಗದರುವಾಗ, ಹಂಗಿಸುವಾಗ ಅವರಿಗೆ ಒದಗಿದುದು ಮನೆಯವರೊಡನೆ ಆಡುವ ಮಾತೇ.

ಕಲ್ಯಾಣಿರಾಗದ ‘ನಿಧಿ ಚಾಲ ಸುಖಮಾ’ ಕೃತಿಯನ್ನು ನೋಡಬಹುದು. ತಂಜಾವೂರಿನ ಅರಮನೆಯ ಆಹ್ವಾನವನ್ನು ನಿರಾಕರಿಸಿದಾಗ ಅದು ಹುಟ್ಟಿತೆಂದು ಪ್ರತೀತಿ. ಹಣ ಸುಖವೋ, ರಾಮನ ಸನ್ನಿಧಿಯ ಸೇವೆ ಸುಖವೋ ಎಂಬುದೇ ಪಲ್ಲವಿಯ ಪ್ರಶ್ನೆ. ಮುಂದೆ ಇನ್ನೊಂದು ಪ್ರಶ್ನೆ: ಇಂದ್ರಿಯನಿಗ್ರಹವೆಂಬ ಗಂಗಾಸ್ನಾನ ಹಿತವೋ, ವಿಷಯಸುಖವೆಂಬ ಕೆಸರು ಬಾವಿಯ ಸ್ನಾನ ಹಿತವೋ? ಬೇಸಗೆಯಲ್ಲಿ ಬಾವಿಯ ತಳ ಕಂಡ ಬಯಲುಸೀಮೆಯವರಿಗೆ ಈ ಹೋಲಿಕೆಗೆ ವ್ಯಾಖ್ಯಾನ ಬೇಕೆ?

ಗಾಯಕರು ಒಂದೇ ಸಾಲನ್ನು ಸ್ವಲ್ಪಸ್ವಲ್ಪವೇ ಬದಲಿಸಿ, ಬೆಳೆಸಿ, ಮತ್ತೆ ಮತ್ತೆ ಹಾಡುವುದಕ್ಕೆ ಸಂಗತಿ ಎಂದು ಹೆಸರು. ಅರ್ಥ ತಿಳಿಯದವರಿಗೆ ಅದು ಕೇವಲ ಕಂಠದ ಚಮತ್ಕಾರವಾಗಿ ತೋರೀತು. ಅರ್ಥ ತಿಳಿದವರಿಗೆ ಪ್ರತಿ ಸಂಗತಿಯಲ್ಲಿಯೂ ಆ ಪ್ರಶ್ನೆ ಒಂದು ಹೆಜ್ಜೆ ಹತ್ತಿರ ಬಂದು ನಿಲ್ಲುತ್ತದೆ. ಕೊನೆಗೆ ಕೇಳುವವರನ್ನೇ ಕೇಳುತ್ತದೆ.

ನಾದಕ್ಕೆ ಮಾತಿನ ಹಂಗೇಕೆ ಎನ್ನುವವರೂ ಇದ್ದಾರೆ. ನಾಗಸ್ವರದಲ್ಲಿ ಮಾತಿಲ್ಲ, ಆದರೂ ಕಲ್ಯಾಣಿ ಕಲ್ಯಾಣಿಯೇ, ನಿಜ. ಆದರೆ ವಾಗ್ಗೇಯಕಾರನೆಂದರೆ ಮಾತನ್ನೂ ಧಾತುವನ್ನೂ ಒಟ್ಟಿಗೆ ಕಟ್ಟಿದವನು. ಅರ್ಧವನ್ನು ಬಿಟ್ಟು ಕೇಳಿದರೆ ಅರ್ಧ ಮಾತ್ರ ದೊರೆತೀತು. ಕನ್ನಡನಾಡಿನವರೇ ಆದ ಮೈಸೂರು ವಾಸುದೇವಾಚಾರ್ಯರು ತೆಲುಗಿನಲ್ಲಿಯೂ ಸಂಸ್ಕೃತದಲ್ಲಿಯೂ ಕೃತಿಗಳನ್ನು ರಚಿಸಿದರು. ತಿರುವೈಯಾರಿನಲ್ಲಿ ತ್ಯಾಗರಾಜರ ಸಮಾಧಿಗೆ ಗುಡಿ ಕಟ್ಟಿಸಿದವರು, ನಂಜನಗೂಡಿನಲ್ಲಿ ಹುಟ್ಟಿದ ಬೆಂಗಳೂರು ನಾಗರತ್ನಮ್ಮನವರು. ಈ ಸಂಗೀತಕ್ಕೆ ಭಾಷೆಯ ಗಡಿ ಎಂದೂ ಗೋಡೆಯಾಗಿರಲಿಲ್ಲ.

ಇಂದು ಅಂಗೈಯಗಲದ ಫೋನಿನಲ್ಲಿ ನೂರು ವಿದ್ವಾಂಸರ ಗಾಯನ ದೊರೆಯುತ್ತದೆ. ದೊರೆಯದಿರುವುದು ಬಿಡುವು. ಹತ್ತು ಕೃತಿಗಳನ್ನು ಕೆಲಸದ ನಡುವೆ ಕಿವಿಗೆ ಹಾಕಿಕೊಳ್ಳುವ ಬದಲು, ವಾರಕ್ಕೆ ಒಂದನ್ನೇ ಆರಿಸಿ, ಮೊದಲು ಮನೆಯ ಅಜ್ಜಿಯಿಂದ ಅದರ ಅರ್ಥ ಕೇಳಿ, ಬಳಿಕ ಹಾಡನ್ನು ಕೇಳುವುದು ಲೇಸು. ರಾಗದ ಹೆಸರನ್ನು ಪುಸ್ತಕದಿಂದ ನಾಳೆಯೂ ಕಲಿಯಬಹುದು. ಅಜ್ಜಿಯ ತೆಲುಗನ್ನು ಅಜ್ಜಿ ಇರುವಾಗಲೇ ಕೇಳಬೇಕು.