ಶಾಯಿಯ ಆಯುಸ್ಸು

ಹಳೆಯ ಮನೆಗಳ ಅಟ್ಟದ ಮೇಲಿನ ಟ್ರಂಕುಗಳಲ್ಲಿ ಕಾಗದದ ಕಟ್ಟುಗಳು ಇರುವುದುಂಟು. ಸೂರು ಸೋರಿದ ಮಳೆಗಾಲವೊಂದು ಕಳೆದ ಮೇಲೆ ಅವನ್ನು ಬಿಚ್ಚಿದವರಿಗೆ ಕೆಲವೊಮ್ಮೆ ಒಂದು ವಿಚಿತ್ರ ಎದುರಾಗುತ್ತದೆ. ತಾತ ಬರೆದ ಪತ್ರದ ಅಂಚು ಕಲೆಗಟ್ಟಿದ್ದರೂ ಅಕ್ಷರ ಅಕ್ಷರವೂ ಓದಲು ಬರುತ್ತದೆ. ಅದರ ಪಕ್ಕದಲ್ಲಿಯೇ ಇದ್ದ, ಮೂವತ್ತು ವರ್ಷ ಈಚಿನ, ಮಗನ ಪತ್ರದಲ್ಲಿ ನಸುನೀಲಿಯ ಮೋಡವೊಂದನ್ನು ಬಿಟ್ಟರೆ ಏನೂ ಉಳಿದಿರುವುದಿಲ್ಲ. ಎರಡನ್ನೂ ನೆನೆಸಿದ ನೀರು ಒಂದೇ, ಭೇದವಿದ್ದದ್ದು ಶಾಯಿಯಲ್ಲಿ.

ಬಾಲ್ ಪೆನ್ನಿನ ಈ ಕಾಲದಲ್ಲಿಯೂ ಫೌಂಟನ್ ಪೆನ್ನನ್ನು ಬಯಸಿ ಕೊಳ್ಳುವವರಿದ್ದಾರೆ. ಪೆನ್ನಿಗಾಗಿ ಹತ್ತು ಅಂಗಡಿಗಳನ್ನು ಹತ್ತಿ ಇಳಿಯುವ ಅವರು ಶಾಯಿಯನ್ನು ಮಾತ್ರ ಬಣ್ಣ ನೋಡಿ ಒಂದೇ ಗಳಿಗೆಯಲ್ಲಿ ಆರಿಸಿಬಿಡುತ್ತಾರೆ. ಪೆನ್ನು ಬರೆಯುವವನ ಕೈಗೆ ಒಪ್ಪಿದರೆ ಸಾಕು. ಶಾಯಿಯಾದರೋ ಬರಹ ಎಷ್ಟು ಕಾಲ ಬಾಳಬೇಕೆಂಬುದನ್ನು ನಿರ್ಧರಿಸತಕ್ಕದ್ದು.

ಮೊದಲು ಪೆನ್ನಿನ ವಿಚಾರ. ಅಮೆರಿಕದ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ನಿಗೂ ಇಂದಿನ ಪೆನ್ನಿಗೂ ತತ್ತ್ವ ಒಂದೇ. ಶಾಯಿ ನಿಬ್ಬಿನ ಸೀಳಿನಲ್ಲಿ ತಾನಾಗಿ ಹರಿದು ಕಾಗದವನ್ನು ಸೇರುತ್ತದೆ. ಅದು ತೆರವು ಮಾಡಿದ ಜಾಗಕ್ಕೆ ಗಾಳಿ ಒಳಹೋಗುತ್ತದೆ. ಆದಕಾರಣ ಒತ್ತಿ ಬರೆಯುವ ಅಗತ್ಯವೇ ಇಲ್ಲ. ಪೆನ್ನಿನ ಭಾರಕ್ಕೇ ಗೆರೆ ಮೂಡದಿದ್ದರೆ ಅಂಥ ಪೆನ್ನನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಲೇಸು.

ರುಜು ಗೀಚಿ ನೋಡುವುದು ಸರಿಯಾದ ಪರೀಕ್ಷೆಯಲ್ಲ. ಕನ್ನಡದ ಲಿಪಿ ದುಂಡಗಿನದು. ಒತ್ತಕ್ಷರಗಳು ಒಂದರ ಕೆಳಗೊಂದು ಕೂರುತ್ತವೆ. ದಪ್ಪ ನಿಬ್ಬಿನಲ್ಲಿ 'ಈ', 'ಣ' ಮೊದಲಾದ ಅಕ್ಷರಗಳ ಕಣ್ಣು ಮುಚ್ಚಿಹೋಗುತ್ತದೆ. 'ಸ್ವಾತಂತ್ರ್ಯ', 'ಲಕ್ಷ್ಮಣ' ಎಂದು ಮಾಮೂಲಿನ ಗಾತ್ರದಲ್ಲಿ, ತಾನು ನಿತ್ಯ ಬಳಸುವ ಕಾಗದದ ಮೇಲೆಯೇ ಬರೆದು ನೋಡಬೇಕು. ಸಣ್ಣಕ್ಷರದವರಿಗೆ ತೆಳು ನಿಬ್ಬೇ ಹಿತ. ಚಿನ್ನದ ನಿಬ್ಬಿಗಾಗಿ ಹೆಚ್ಚು ಹಣ ಚೆಲ್ಲುವುದು ಅನಿವಾರ್ಯವೇನಲ್ಲ. ಕಾಗದಕ್ಕೆ ತಾಗುವ ತುದಿ ಚಿನ್ನದ ನಿಬ್ಬಿನಲ್ಲಿಯೂ ಬೇರೊಂದು ಗಡಸು ಲೋಹದ್ದೇ. ತುಕ್ಕು ಹಿಡಿಯದ ಉಕ್ಕಿನ ನಿಬ್ಬು ದಿನಬಳಕೆಗೆ ಧಾರಾಳವಾಗಿ ಸಾಕು. ಸ್ವದೇಶಿಯ ದಿನಗಳಲ್ಲಿ ರಾಜಮಹೇಂದ್ರಿಯ ರತ್ನಂ ಅವರು ಎಬೊನೈಟಿನಲ್ಲಿ ಕಡೆದು ಮಾಡಿದ ಪೆನ್ನನ್ನು ಗಾಂಧೀಜಿ 1935ರಲ್ಲಿ ಪತ್ರ ಬರೆದು ಮೆಚ್ಚಿಕೊಂಡರು.

ಇನ್ನು ಶಾಯಿ. ಪೆನ್ನಿಗೆ ತುಂಬುವ ಶಾಯಿಗಳು ಮುಖ್ಯವಾಗಿ ಮೂರು ಬಗೆ. ನೀರಿನಲ್ಲಿ ಬಣ್ಣ ಕರಗಿಸಿದ್ದು ಮೊದಲನೆಯದು. ಇದು ಸರಾಗವಾಗಿ ಹರಿಯುತ್ತದೆ, ಬಟ್ಟೆಗೆ ಬಿದ್ದರೆ ಬಹುಮಟ್ಟಿಗೆ ತೊಳೆದುಹೋಗುತ್ತದೆ. ಆದರೆ ಬಟ್ಟೆಯಿಂದ ಹೋಗುವ ಬಣ್ಣ ಕಾಗದದಿಂದಲೂ ಹೋಗುತ್ತದೆಯಷ್ಟೆ! ಬಿಸಿಲು ಬಿದ್ದರೂ ಅದು ಮಾಸುತ್ತದೆ.

ಎರಡನೆಯದು ಕಬ್ಬಿಣದ ಶಾಯಿ. ಮಾಚಿಕಾಯಿಯ ಒಗರಿಗೆ ಅನ್ನಭೇದಿ ಬೆರೆಸಿ ಇದನ್ನು ಮಾಡುತ್ತಿದ್ದರು. ಕಾಗದದ ಮೇಲೆ ಗಾಳಿ ತಾಗಿದಂತೆ ಇದು ಕಪ್ಪಾಗಿ ನಾರಿನೊಳಗೆ ನೆಲೆಸುತ್ತದೆ. ಕಪ್ಪಾಗುವವರೆಗೆ ಅಕ್ಷರ ಕಾಣಲೆಂದು ನೀಲಿ ಸೇರಿಸಿದ್ದರಿಂದಲೇ 'ಬ್ಲೂ-ಬ್ಲ್ಯಾಕ್' ಎಂಬ ಹೆಸರು ಬಂದದ್ದು. ತಾತನ ಪತ್ರವನ್ನು ಕಾಯ್ದದ್ದು ಇದು. ಇಂಗ್ಲೆಂಡಿನ ರಿಜಿಸ್ಟ್ರಾರರು ಜನನ ವಿವಾಹಗಳನ್ನು ಬಹುಕಾಲ ಇದರಲ್ಲಿಯೇ ದಾಖಲಿಸಿದರು. ಆದರೆ ಇದರಲ್ಲಿ ಆಮ್ಲವುಂಟು. ಹಿಂದಿನ ಕಟುವಾದ ಶಾಯಿಯಿಂದ ಜರ್ಮನಿಯ ಸಂಗೀತಕಾರ ಬಾಖ್‌ನ ಹಸ್ತಪ್ರತಿಗಳೇ ತೂತುಬಿದ್ದವು. ಈಗಿನದು ಸೌಮ್ಯ; ಆದರೂ ಪೆನ್ನಿನಲ್ಲಿ ಒಣಗಲು ಬಿಡಬಾರದು. ಇನ್ನೊಂದು ಎಚ್ಚರಿಕೆ: ಇಂದು 'ಬ್ಲೂ-ಬ್ಲ್ಯಾಕ್' ಎಂಬ ಚೀಟಿ ಹೊತ್ತ ಶಾಯಿಗಳಲ್ಲಿ ಅನೇಕವು ಬರಿಯ ಬಣ್ಣದ ನೀರು, ಹೆಸರನ್ನೇ ನಂಬುವಂತಿಲ್ಲ.

ಮೂರನೆಯದು ಕಾಡಿಗೆಯಂಥ ಕಣಗಳ ಶಾಯಿ. ತಾಳೆಗರಿಯಲ್ಲಿ ಕಂಠದಿಂದ ಕೊರೆದ ಗೆರೆಗೆ ನಮ್ಮ ಹಿರಿಯರು ಕಾಡಿಗೆ ತೀಡುತ್ತಿದ್ದರು. ಬಿಸಿಲಾಗಲಿ ಕಾಲವಾಗಲಿ ಅದರ ಕಪ್ಪನ್ನು ಕದಿಯಲಾರದು. ಪೆನ್ನಿಗೆಂದೇ ಅತಿಸೂಕ್ಷ್ಮ ಕಣಗಳಿಂದ ಮಾಡಿದ ಇಂಥ ಶಾಯಿ ಈಗ ದೊರೆಯುತ್ತದೆ. ಚಿತ್ರಗಾರರ ಇಂಡಿಯನ್ ಇಂಕನ್ನು ಮಾತ್ರ ಫೌಂಟನ್ ಪೆನ್ನಿಗೆ ಎಂದೂ ತುಂಬಕೂಡದು. ಅದರಲ್ಲಿರುವ ಅರಗು ಒಣಗಿ ನಾಳವನ್ನು ಮುಚ್ಚಿಬಿಡುತ್ತದೆ.

ಕೊಂಡ ಶಾಯಿಯನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಒಂದು ಸಾಲು ಬರೆದು ಒಂದು ದಿನ ಒಣಗಲು ಬಿಟ್ಟು, ಬಳಿಕ ನಲ್ಲಿಯ ಕೆಳಗೆ ಹಿಡಿಯಬೇಕು. ಇನ್ನೊಂದು ಸಾಲಿನ ಅರ್ಧವನ್ನು ರಟ್ಟಿನಿಂದ ಮುಚ್ಚಿ ಬಿಸಿಲು ಬೀಳುವ ಕಿಟಕಿಯಲ್ಲಿ ಒಂದು ತಿಂಗಳು ಇಡಬೇಕು. ಈ ಎರಡು ತುಂಡುಗಳು ಯಾವ ಜಾಹೀರಾತೂ ಹೇಳದ ಸತ್ಯವನ್ನು ಹೇಳುತ್ತವೆ. ಸೋತ ಶಾಯಿಯನ್ನು ಚೆಲ್ಲಬೇಕಾಗಿಲ್ಲ. ಶಾಲೆಯ ಅಭ್ಯಾಸ, ಸಾಮಾನಿನ ಪಟ್ಟಿ, ನಾಳೆ ಹರಿದು ಹಾಕುವ ಟಿಪ್ಪಣಿ ಇವಕ್ಕೆ ಅದೇ ಅನುಕೂಲ. ಕರಾರು, ದಿನಚರಿ, ದೂರದವರಿಗೆ ಕಾಗದ ಇವಕ್ಕೆ ಗೆದ್ದ ಶಾಯಿ ಇರಲಿ.

ಉಪಚಾರ ಸ್ವಲ್ಪವೇ. ತಿಂಗಳಿಗೊಮ್ಮೆ, ಮತ್ತು ಶಾಯಿ ಬದಲಿಸುವಾಗಲೆಲ್ಲ, ಪೆನ್ನನ್ನು ತಣ್ಣೀರಿನಲ್ಲಿ ತೊಳೆಯಬೇಕು. ಬಿಸಿನೀರು, ಸ್ಪಿರಿಟ್ ಕೂಡದು. ಎರಡು ಶಾಯಿಗಳನ್ನು ಬೆರೆಸಬಾರದು, ಗಸಿ ಕಟ್ಟೀತು. ಡ್ರಾಪರಿನಿಂದ ತುಂಬುವ ಪೆನ್ನನ್ನು ಕಾಲುಭಾಗ ಉಳಿದಿರುವಾಗಲೇ ಮತ್ತೆ ತುಂಬುವುದು ಮೇಲು. ಇಲ್ಲವಾದರೆ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿ ತೊಟ್ಟಿಕ್ಕುತ್ತದೆ.

ಮಗನು ಆ ಕಾಗದವನ್ನು ಬರೆದಾಗ ಅವನ ನೀಲಿ ತಾತನ ಶಾಯಿಗಿಂತ ಚೆಲುವಾಗಿಯೇ ಇದ್ದಿರಬೇಕು. ತಾನು ಬರೆಯುತ್ತಿರುವ ಕಾಗದಗಳಲ್ಲಿ ಯಾವುದನ್ನು ಯಾರು ಕಟ್ಟಿ ಕಾಪಾಡಿಕೊಳ್ಳುವರೆಂದು ಬರೆಯುವವನಿಗೆ ತಿಳಿಯುವ ಬಗೆಯಿಲ್ಲ. ಶಾಯಿಯನ್ನು ಆರಿಸುವಾಗ ಅದರ ಮೊದಲ ದಿನದ ಬಣ್ಣದೊಡನೆ ಮೂವತ್ತನೆಯ ವರ್ಷದ ಬಣ್ಣವನ್ನೂ ನೆನೆಯುವುದು, ಓದಲಿರುವವರಿಗೆ ಸಲ್ಲಿಸಬೇಕಾದ ಸಣ್ಣದೊಂದು ಸೌಜನ್ಯ.