ಅಳತೆಪಟ್ಟಿಯೂ ಕಟ್ಟೆಯ ಮಾತೂ

ತಡಸ ಕ್ರಾಸಿನಲ್ಲಿ ಬಸ್ಸಿಗೆ ಕಾಯುತ್ತ ಅರ್ಧ ತಾಸು ನಿಂತರೆ ಮಾನವಶಾಸ್ತ್ರದ ಮೊದಲ ಪಾಠ ಪುಕ್ಕಟೆ ಸಿಗುತ್ತದೆ. ಮುಂಡಗೋಡದ ಬಸ್ಸಿನಿಂದ ಕೆಂಪು ನಿಲುವಂಗಿಯ ಲಾಮಾ ಇಳಿಯುತ್ತಾರೆ. ಟಿಬೆಟನ್ನರು ಅಲ್ಲಿ ನೆಲೆಸಿದ್ದು 1966ರಲ್ಲಿ. ಆ ಲಾಮಾರ ಹಿಂದೆಯೇ ಗುಂಗುರು ಕೂದಲಿನ ಸಿದ್ದಿ ತಾಯಿಯೊಬ್ಬಳು ಮಗುವನ್ನು ನಮ್ಮ ಹಾಗೆಯೇ ಕನ್ನಡದಲ್ಲಿ ಗದರಿಸುತ್ತ ಇಳಿಯುತ್ತಾಳೆ. ನೋಡಿದವರ ಮನಸ್ಸಿನಲ್ಲಿ ಎರಡು ಪ್ರಶ್ನೆ ಏಳುತ್ತವೆ. ಈ ಮೈಕಟ್ಟು ಎಲ್ಲಿಂದ ಬಂತು? ಈ ಮಾತು ಎಲ್ಲಿಂದ ಬಂತು?

ಮೊದಲನೆಯದು ದೈಹಿಕ ಮಾನವಶಾಸ್ತ್ರದ ಪ್ರಶ್ನೆ, ಎರಡನೆಯದು ಸಾಮಾಜಿಕ ಮಾನವಶಾಸ್ತ್ರದ್ದು. ಎಂ.ಎ. ಮಟ್ಟದಲ್ಲಿ ಇವೆರಡನ್ನೂ ಒಟ್ಟಿಗೆ ಓದಬೇಕೇ, ಒಂದನ್ನೇ ಹಿಡಿಯಬೇಕೇ ಎಂದು ನಮ್ಮ ಮನೆತನದ ಹುಡುಗಿಯೊಬ್ಬಳು ಹೋದ ತಿಂಗಳು ಕೇಳಿದಳು. ಅವಳ ಅಪ್ಪನ ಪ್ರಶ್ನೆ ಇನ್ನೂ ನೇರ: “ಮಂದಿ ಮೂಗು ಅಳ್ಯಾಕ ಧಾರವಾಡಕ್ಕ ಹೋಗಬೇಕೇನವಾ?”

ಅಪ್ಪನ ವ್ಯಂಗ್ಯಕ್ಕೆ ಇತಿಹಾಸದ ಬೆಂಬಲವಿದೆ. 1901ರ ಜನಗಣತಿಯ ಹೊಣೆ ಹೊತ್ತಿದ್ದ ಹರ್ಬರ್ಟ್ ರಿಸ್ಲೆ ಮೂಗಿನ ಅಗಲವನ್ನು ಉದ್ದಕ್ಕೆ ಹೋಲಿಸಿ ಜಾತಿಗಳ ಮೇಲು-ಕೀಳು ಹೇಳಹೊರಟಿದ್ದ. ಆ ಲೆಕ್ಕವನ್ನು ಈಗ ಯಾರೂ ಒಪ್ಪುವುದಿಲ್ಲ, ಆದರೆ ಅದು ಮಾಡಿದ ಗಾಯ ಪೂರ್ತಿ ಮಾದಿಲ್ಲ. ನಮ್ಮ ಪಕ್ಕದಲ್ಲೇ 1980ರ ದಶಕದಲ್ಲಿ ಇಂಥದೇ ಇನ್ನೊಂದು ಪ್ರಯೋಗ ನಡೆಯಿತು. ಆಫ್ರಿಕಾದ ಮೈಕಟ್ಟು ಎಂದರೆ ಓಟದಲ್ಲಿ ಪದಕ ಎಂದು ಲೆಕ್ಕ ಹಾಕಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿಗೆ ಒಯ್ದಿತು. ಕೆಲವರು ಚೆನ್ನಾಗಿಯೇ ಓಡಿದರು. ಯೋಜನೆ ಮಾತ್ರ ಕೆಲವೇ ವರ್ಷಗಳಲ್ಲಿ ನಿಂತುಹೋಯಿತು, ಮಕ್ಕಳು ಊರಿಗೆ ಮರಳಿದರು. ಮೈ ನೋಡಿದವರು ಮನೆ ನೋಡಿರಲಿಲ್ಲ.

ಸಾಮಾಜಿಕ ಮಾನವಶಾಸ್ತ್ರ ಒಂದೇ ಸಾಕು ಎನ್ನುವವರ ಕೈಯಲ್ಲಿ ಇದಕ್ಕಿಂತ ಗಟ್ಟಿಯಾದ ಆಧಾರವೂ ಇದೆ. ನಮ್ಮಲ್ಲಿ ಈ ಶಾಸ್ತ್ರದ ಹೆಸರು ಪತ್ರಿಕೆಯಲ್ಲಿ ಬರುವುದು ‘ಕುಲಶಾಸ್ತ್ರೀಯ ಅಧ್ಯಯನ’ ಎಂಬ ಮಾತಿನಲ್ಲಿ. ಯಾವುದೋ ಸಮುದಾಯ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸಿ ಎಂದು ಕೇಳಿದಾಗ. 1965ರ ಲೋಕೂರ್ ಸಮಿತಿ ಅದಕ್ಕೆ ಐದು ಒರೆಗಲ್ಲು ಇಟ್ಟಿತು: ಪುರಾತನ ಲಕ್ಷಣ, ಬೇರೆಯೇ ಆದ ಸಂಸ್ಕೃತಿ, ಒಂಟಿ ನೆಲೆ, ಹೊರಗಿನವರೊಡನೆ ಬೆರೆಯಲು ಸಂಕೋಚ, ಹಿಂದುಳಿದಿರುವಿಕೆ. ಐದರಲ್ಲಿ ಒಂದೂ ತಲೆಬುರುಡೆಯದಲ್ಲ, ರಕ್ತದ್ದಲ್ಲ. ಉತ್ತರ ಕನ್ನಡದ ಸಿದ್ದಿಗಳು ಪಟ್ಟಿಗೆ ಸೇರಿದ್ದು 2003ರಲ್ಲಿ. ಧಾರವಾಡ, ಬೆಳಗಾವಿ ಜಿಲ್ಲೆಯವರು 2020ರಲ್ಲಿ. ಒಂದೇ ಬಳ್ಳಿಯ ಜನ, ಆದರೂ ಹದಿನೇಳು ವರ್ಷದ ಅಂತರ. ಪಟ್ಟಿ ಬೆಳೆದದ್ದು ಜಿಲ್ಲೆಯ ಗಡಿ ನೋಡಿ.

ಸಾಮಾಜಿಕ ಮಾನವಶಾಸ್ತ್ರಜ್ಞ, ಮೈಸೂರಿನ ಎಂ.ಎನ್. ಶ್ರೀನಿವಾಸರನ್ನೇ ನೋಡಿ. 1948ರಲ್ಲಿ ಹಳ್ಳಿಯೊಂದರಲ್ಲಿ ಉಳಿದು ಬರೆದ ಟಿಪ್ಪಣಿಗಳಿಂದ ಸಿದ್ಧಪಡಿಸಿದ ಹಾಳೆಗಳು 1970ರಲ್ಲಿ ಅಮೆರಿಕದಲ್ಲಿ ಬೆಂಕಿಗೆ ಸಿಕ್ಕವು. ಹೆಚ್ಚಾಗಿ ನೆನಪಿನ ಬಲದ ಮೇಲೆಯೇ ಆ ಊರಿನ ಪುಸ್ತಕ ಬರೆದರು, 1976ರಲ್ಲಿ ಹೊರಬಂತು. ಕಟ್ಟೆಯ ಮಾತನ್ನು ನೆನಪಿನಿಂದ ಬರೆಯಬಹುದು. ಮೂಳೆಯ ಅಳತೆಯನ್ನು ಬರೆಯಲಾಗದು. ಕೆಲವರಿಗೆ ಇದೇ ಸಾಮಾಜಿಕ ಮಾನವಶಾಸ್ತ್ರದ ಹೆಚ್ಚುಗಾರಿಕೆ, ಕೆಲವರಿಗೆ ಇದೇ ಅದರ ಕೊರತೆ.

ತಕ್ಕಡಿಯ ಇನ್ನೊಂದು ತಟ್ಟೆಗೆ ನಾನು ಹಂದಿಗೋಡನ್ನು ಇಡುತ್ತೇನೆ. ನಮ್ಮ ಹಿರೇಕೆರೂರು ದಾಟಿದರೆ ಶಿವಮೊಗ್ಗ ಜಿಲ್ಲೆ. ಅಲ್ಲಿ ಸಾಗರ ತಾಲ್ಲೂಕಿನ ಈ ಊರಿನಲ್ಲಿ 1970ರ ದಶಕದ ನಡುವೆ ವಿಚಿತ್ರ ಕಾಯಿಲೆ ಬೆಳಕಿಗೆ ಬಂತು. ಸೊಂಟ, ಮೊಣಕಾಲಿನ ಕೀಲು ಸವೆಯುವುದು, ನಡೆಯಲಾಗದ ನೋವು, ಕೆಲವರಲ್ಲಿ ಕುಳ್ಳು ದೇಹ. ಗದ್ದೆಗೆ ಹೊಡೆದ ಕೀಟನಾಶಕ ಏಡಿಗೆ ಸೇರಿ, ಏಡಿ ತಿಂದವರಿಗೆ ಹೀಗಾಯಿತು ಎಂಬುದು ಮೊದಲ ಅನುಮಾನ. ಬಡವರ ಊಟದ ಕತೆಯಾದ್ದರಿಂದ ನಂಬುವುದೂ ಸುಲಭವಾಗಿತ್ತು. ಮುಂದೆ ವಂಶಾವಳಿ ಬರೆದು, ಎಕ್ಸ್-ರೇ ನೋಡಿದಾಗ ಇದು ತಲೆಮಾರಿನಿಂದ ತಲೆಮಾರಿಗೆ ಇಳಿಯುವ ಮೂಳೆಯ ರೋಗ ಎಂದು ತಿಳಿಯಿತು. ಚಲವಾದಿ ಮತ್ತು ಚನ್ನಂಗಿ ಸಮುದಾಯಗಳಲ್ಲೇ ಅದು ಉಳಿದದ್ದಕ್ಕೆ ಕಾರಣ ಒಳಗೊಳಗೇ ನಡೆಯುವ ಮದುವೆ. ಮೂಳೆ ಮಾತ್ರ ಓದಿದವನಿಗೆ ಮದುವೆಯ ನಂಟು ತಿಳಿಯದು. ನಂಟು ಮಾತ್ರ ಓದಿದವನು ಏಡಿಯ ಕತೆಗೇ ನಿಲ್ಲುತ್ತಿದ್ದ.

ಅಷ್ಟು ದೂರ ಯಾಕೆ, ಸೋದರಮಾವನಿಗೆ ಕೊಡುವ ಪದ್ಧತಿ ನಮ್ಮ ಮನೆಗಳಲ್ಲೇ ಇದೆ. ಎನ್. ಅಪ್ಪಾಜಿರಾವ್ ಮತ್ತು ಎ.ಎಚ್. ಬಿಟಲ್ಸ್ 1980ರ ದಶಕದಲ್ಲಿ ಕರ್ನಾಟಕದ ಶಿಶುಗಳ ಬಗ್ಗೆ ನಡೆಸಿದ ಅಧ್ಯಯನಗಳಲ್ಲಿ ಸುಮಾರು ಮೂರರಲ್ಲಿ ಒಂದು ಮದುವೆ ರಕ್ತಸಂಬಂಧದೊಳಗಿನದು. ವೈದ್ಯರು ಮಗುವಿಗೆ ಬರಬಹುದಾದ ಅಪಾಯ ಹೇಳುತ್ತಾರೆ. ಅಜ್ಜಿ ಹೊಲ ಒಡೆಯದಿರುವುದನ್ನು, ಮಗಳಿಗೆ ಪರಿಚಯದ ಅತ್ತೆ ಸಿಗುವುದನ್ನು ಹೇಳುತ್ತಾಳೆ. ಇಬ್ಬರ ಮಾತಿಗೂ ಆಧಾರವಿದೆ. ಇಬ್ಬರನ್ನೂ ಕೂರಿಸಿ ಮಾತನಾಡಿಸಬಲ್ಲವರು ನಮಗೆ ತೀರ ಕಡಿಮೆ. ನನಗೆ ಪ್ರಶ್ನೆ ಕೇಳಿದ ಹುಡುಗಿಯ ತಾಯಿಯನ್ನೂ ಸೋದರಮಾವನಿಗೇ ಕೊಟ್ಟದ್ದು. ಅಪ್ಪನ ವ್ಯಂಗ್ಯದ ಹಿಂದೆ ಸ್ವಲ್ಪ ಅಂಜಿಕೆಯೂ ಇದ್ದೀತು ಎಂದು ನನಗೆ ಆಮೇಲೆ ಹೊಳೆಯಿತು.

ಹಾಗೆಂದು ಎರಡನ್ನೂ ಓದುವುದು ಸಲೀಸಲ್ಲ. ಕಲಾ ವಿಭಾಗದಿಂದ ಬಂದವರಿಗೆ ಅನುವಂಶಿಕತೆಯ ಲೆಕ್ಕ ಕಬ್ಬಿಣದ ಕಡಲೆ, ವಿಜ್ಞಾನದಿಂದ ಬಂದವರಿಗೆ ಬಳ್ಳಿ-ಬೆಡಗುಗಳ ವಿಚಾರ ಹಾಗೇ. ಎರಡು ವರ್ಷದಲ್ಲಿ ಎರಡನ್ನೂ ತುರುಕಿದರೆ ಎರಡೂ ಅರ್ಧಂಬರ್ಧ ಆಗುವ ಭಯ ನಿಜವೇ. ಕೆಲಸ ಕೊಡುವವರೂ ಬೇರೆ ಮಾಡಿದ್ದಾರೆ: 1945ರಲ್ಲಿ ಆರಂಭವಾದ ಭಾರತೀಯ ಮಾನವಶಾಸ್ತ್ರ ಸರ್ವೇಕ್ಷಣೆಯಲ್ಲಿ ದೈಹಿಕ ಮತ್ತು ಸಾಂಸ್ಕೃತಿಕ ಹುದ್ದೆಗಳು ಪ್ರತ್ಯೇಕ. ಕೇಂದ್ರ ಲೋಕಸೇವಾ ಆಯೋಗದ ಪರೀಕ್ಷೆಗೆ ಮಾನವಶಾಸ್ತ್ರವನ್ನು ಐಚ್ಛಿಕ ವಿಷಯವಾಗಿ ಆರಿಸಿದರೆ ಮಾತ್ರ, 250 ಅಂಕದ ಎರಡು ಪತ್ರಿಕೆಗಳಲ್ಲಿ, ಎರಡೂ ಬೇಕು. ಆದರೆ ಪರೀಕ್ಷೆಗೆ ಬಾಯಿಪಾಠ ಮಾಡುವುದನ್ನು ನಾನು ಓದು ಎನ್ನಲಾರೆ. ಜಾತ್ರೆ, ಹಾಡು, ಆಚರಣೆಗಳಷ್ಟೇ ಬೇಕೆನ್ನುವವರಿಗೆ ಗೊಟಗೋಡಿಯ ಜಾನಪದ ವಿಶ್ವವಿದ್ಯಾಲಯ ನಮ್ಮ ಶಿಗ್ಗಾಂವ ತಾಲ್ಲೂಕಿನಲ್ಲೇ ಇದೆ.

ಇರಾವತಿ ಕರ್ವೆಯವರನ್ನು ಎರಡೂ ಪಂಗಡದವರು ತಮ್ಮವರೆನ್ನಬಹುದು. ಬರ್ಲಿನ್‌ನಲ್ಲಿ ತಲೆಬುರುಡೆಗಳನ್ನು ಅಳೆದು ಡಾಕ್ಟರೇಟ್ ಪಡೆದರು. ಮಾರ್ಗದರ್ಶಕರಾಗಿದ್ದ ಆಯ್ಗನ್ ಫಿಶರ್ ಜನಾಂಗದ ಮೇಲು-ಕೀಳು ನಂಬಿದವರು, ಅಳತೆ ಮಾತ್ರ ಅವರ ಎಣಿಕೆಯನ್ನು ಎತ್ತಿ ಹಿಡಿಯಲಿಲ್ಲ. ಪುಣೆಗೆ ಮರಳಿದ ಕರ್ವೆ ಅಳೆಯುವುದನ್ನೂ ಬಿಡಲಿಲ್ಲ, ಭಾರತದ ಬಂಧುತ್ವದ ಬಗ್ಗೆ 1953ರಲ್ಲಿ ದೊಡ್ಡ ಗ್ರಂಥವನ್ನೂ ತಂದರು. ಮೂಗಿನ ಲೆಕ್ಕದ ಸುಳ್ಳನ್ನು ಬಯಲು ಮಾಡಲು ಅಳೆಯಲು ಬಲ್ಲವರೇ ಬೇಕಾಗುತ್ತಾರೆ. ಆದ್ದರಿಂದ ನನ್ನ ಒಲವು, ಕೂದಲೆಳೆಯಷ್ಟು ಹೆಚ್ಚಾಗಿ, ಎಂ.ಎ.ಯಲ್ಲಿ ಎರಡನ್ನೂ ಓದುವ ಕಡೆಗೆ. ಸಂಶೋಧನೆಗೆ ಇಳಿಯುವಾಗ ಒಂದನ್ನು ಆರಿಸಿಕೊಳ್ಳಲಿ.

ಆ ಹುಡುಗಿಗೆ ಹೇಳಿದ್ದನ್ನೇ ನಿಮ್ಮ ಮನೆಯ ಮಕ್ಕಳಿಗೂ ಹೇಳುತ್ತೇನೆ. ಅರ್ಜಿ ತುಂಬುವ ಮೊದಲು ಒಂದು ದಿನ ಧಾರವಾಡದ ಬಸ್ಸು ಹತ್ತಿ, ಅಲ್ಲಿನ ಮಾನವಶಾಸ್ತ್ರ ವಿಭಾಗದಲ್ಲಿ ಓದುತ್ತಿರುವ ಇಬ್ಬರನ್ನು ಹುಡುಕಿ ಕೇಳಿ: ಹಳ್ಳಿಯಲ್ಲಿ ಎಷ್ಟು ರಾತ್ರಿ ಉಳಿದಿದ್ದಿರಿ, ಪ್ರಯೋಗಾಲಯದಲ್ಲಿ ಏನೇನು ನಿಮ್ಮ ಕೈಯಾರೆ ಮಾಡಿದಿರಿ?