ಅರಗಿನ ಲೋಟ, ಬಿಸಿ ಕಾಫಿ

ಕಳೆದ ವರ್ಷ ನಿವೃತ್ತರಾದ ಮೇಷ್ಟ್ರೊಬ್ಬರಿಗೆ ಹೊಸೂರಿನ ನಾವೆಲ್ಲ ಸೇರಿ ಬಣ್ಣದ ಮರದ ಲೋಟ ಕೊಟ್ಟೆವು. ಅಂಗಡಿಯವರು ಚನ್ನಪಟ್ಟಣದ್ದು ಎಂದಿದ್ದರು. ಬಿಸಿ ಕಾಫಿ ಹಾಕಿದ ದಿನವೇ ಬಣ್ಣ ಅಂಟಂಟಾಯಿತಂತೆ!

ತಪ್ಪು ಕಸುಬಿನದಲ್ಲ. ಚನ್ನಪಟ್ಟಣದಲ್ಲಿ ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಹಿಡಿಯುತ್ತದೆ. ಕಾವಿಗೆ ಕೂತದ್ದು ಕಾವಿಗೇ ಏಳುತ್ತದೆ. ಜಪಾನಿನ ಉರುಶಿ ಬೇರೆ. ಅದು ಹುಳುವಿನ ಅರಗಲ್ಲ, ಮರದ ಹಾಲು; ತೇವದ ಗಾಳಿಯಲ್ಲಿ ಗಟ್ಟಿಯಾದರೆ ಬಿಸಿ ಸಾರಿಗೂ ಜಗ್ಗದು. ಹಸಿಯಿರುವಾಗ ಅದರ ಮೇಲೆ ಚಿನ್ನದ ಪುಡಿ ಉದುರಿಸಿ ಚಿತ್ರ ಮೂಡಿಸುವುದೇ ಮಾಕಿ-ಎ. ಈಗ ಸ್ಟೀಲ್ ಲೋಟದ ಹೊರಮೈಗೂ ಆ ಅಲಂಕಾರ ಬಂದಿದೆ.

ನಮ್ಮವರೂ ಹಾಗೆ ಮಾಡಲಿ: ಒಳಗೆ ಸ್ಟೀಲ್, ಹೊರಗೆ ಅರಗು ಹಚ್ಚಿದ ಮರದ ಕವಚ. ಬರಿ ಮರದ್ದಾದರೆ 'ಬಿಸಿಗಲ್ಲ' ಎಂದು ಕನ್ನಡ, ತಮಿಳು ಎರಡರಲ್ಲೂ ಚೀಟಿ ಅಂಟಿಸಲಿ. ಇಲ್ಲದಿದ್ದರೆ ಒಮ್ಮೆ ಮೋಸಹೋದವರು ಆಟಿಕೆಯನ್ನೂ ಕೊಳ್ಳರು, ನಷ್ಟ ಕೆಲಸಗಾರನಿಗೆ.

ನಾವು ಮೇಷ್ಟ್ರುಗಳೂ ಕಲಿಯಬೇಕು. ಪಾಂಡವರ ಅರಗಿನ ಮನೆಯ ಕಥೆಯನ್ನು ವರ್ಷಾ ವರ್ಷ ಹೇಳುತ್ತೇವೆ. ನಮ್ಮ ಮಕ್ಕಳಿಗೆ ತಮಿಳಿನಲ್ಲೂ ಅದು ಅರಕ್ಕು. ಆದರೆ ಅರಗೆಂದರೆ ಇದು ಎಂದು ಒಂದು ತುಂಡು ತಂದು ತೋರಿಸಿದ್ದೇವೆಯೇ? ತೋರಿಸಿದ್ದರೆ ಆ ಲೋಟಕ್ಕೆ ಕಾಫಿ ಹಾಕುತ್ತಿರಲಿಲ್ಲ.